ಆಸ್ಪತ್ರೆಯ ಹಾಸಿಗೆಯಲ್ಲಿ ಹಸಿವು: ಕಂಪ್ಯೂಟರ್ ಏನು ಮಾಡಬಲ್ಲದು?

(ಜರಗನಹಳ್ಳಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೃತಕ ಬುದ್ಧಿಮತ್ತೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಮಕ್ಕಳಿಗೆ ಉದ್ಯೋಗಾವಕಾಶಗಳ ವಿಷಯ ತಿಳಿಸಲಿ ಎಂಬುದು ಅವರ ಮನಸ್ಸಿನಲ್ಲಿತ್ತೆಂದು ಕಾಣುತ್ತದೆ. ನಾನಾದರೋ ಇಪ್ಪತ್ತು ವರ್ಷ ಆಸ್ಪತ್ರೆಗಳ ಪಥ್ಯಾಹಾರ ವಿಭಾಗದಲ್ಲಿ ಕೆಲಸ ಮಾಡಿದವಳು. ನನಗೆ ಗೊತ್ತಿರುವುದು ಗಂಜಿ, ಬೇಳೆಕಟ್ಟು ಮತ್ತು ತೂಕದ ಯಂತ್ರ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಆರಂಭಿಸುತ್ತೇನೆ.

ನನ್ನ ಖಾಲಾ ಸ್ನಾನದ ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ಅಲ್ಲಿದ್ದರು. ಎಕ್ಸ್‌ರೇ, ಇಸಿಜಿ, ದಿನಕ್ಕೊಮ್ಮೆ ರಕ್ತಪರೀಕ್ಷೆ ಎಲ್ಲವೂ ನಡೆಯಿತು. ಆಪರೇಷನ್ ಎರಡು ಸಲ ಮುಂದೂಡಲ್ಪಟ್ಟಿತು. ಎರಡೂ ಸಲ ಹಿಂದಿನ ರಾತ್ರಿಯಿಂದ ಅವರನ್ನು ಬರೀ ಹೊಟ್ಟೆಯಲ್ಲಿ ಇಟ್ಟಿದ್ದರು. ಉಳಿದ ದಿನಗಳಲ್ಲಿ ತಟ್ಟೆ ಬಂದಂತೆಯೇ ವಾಪಸು ಹೋಗುತ್ತಿತ್ತು. ಕೇಳಿದರೆ "ಬಾಯಿಗೆ ರುಚಿಯಿಲ್ಲಮ್ಮ" ಎನ್ನುತ್ತಿದ್ದರು. ನಿಲ್ಲಲಾಗದ ರೋಗಿಯಾದ್ದರಿಂದ ಯಾರೂ ತೂಕ ನೋಡಲಿಲ್ಲ. ಕೇಸ್ ಶೀಟಿನಲ್ಲಿ 58 ಕಿಲೋ ಎಂದು ಬರೆದಿತ್ತು. ಅದು ಐದು ತಿಂಗಳ ಹಿಂದಿನ ಬೇರೊಂದು ಚೀಟಿಯಿಂದ ನಕಲು ಮಾಡಿದ್ದು.

ಒಂಬತ್ತನೆಯ ದಿನ ಅವರ ಕೈ ಒರೆಸುತ್ತಿದ್ದಾಗ ಚಿನ್ನದ ಬಳೆ ತಾನಾಗಿ ಜಾರಿ ನನ್ನ ಅಂಗೈಗೆ ಬಿತ್ತು. ಮೂವತ್ತು ವರ್ಷಗಳಿಂದ ಸೋಪು ಹಚ್ಚದೆ ಹೊರಬರದಿದ್ದ ಬಳೆ ಅದು! ಪರರ ಊಟದ ಲೆಕ್ಕ ಇಟ್ಟು ಸಂಬಳ ಪಡೆದ ನಾನೇ ಎಂಟು ದಿನ ಪಕ್ಕದಲ್ಲಿ ಕುಳಿತು ನೋಡಿರಲಿಲ್ಲ. ಗಾಯ ಒಣಗಲು ತಡವಾಯಿತು, ನಡೆಯಲು ಇನ್ನೂ ತಡವಾಯಿತು. ನಿಲ್ಲುವ ಶಕ್ತಿ ಬಂದಮೇಲೆ ತೂಗಿದರೆ 49 ಕಿಲೋ.

ಮಿತ್ರರೇ, ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಅಪೌಷ್ಟಿಕತೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಬಡವರ ಮನೆಯ ಮಗು. ಅದು ಸುಳ್ಳಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿರುವ ವಯಸ್ಕರ ಹಸಿವು ಯಾರ ಕಣ್ಣಿಗೂ ಬೀಳುವುದಿಲ್ಲ. ದಾಖಲಾಗುವ ವಯಸ್ಕರಲ್ಲಿ ಶೇ. 20ರಿಂದ 50ರವರೆಗೆ ಇಂಥವರಿರುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಮೈ ತುಂಬಿಕೊಂಡವರೂ ಇದರಲ್ಲಿ ಸೇರಿದ್ದಾರೆ. ಕೊಬ್ಬು ಇದ್ದಂತೆಯೇ ಇದ್ದು ಮಾಂಸಖಂಡ ಕರಗಿರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಕ್ಯಾನ್ಸರ್ ರೋಗಿಗಳಲ್ಲಿ ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇದನ್ನು ಪತ್ತೆ ಹಚ್ಚಲು ದೊಡ್ಡ ವಿದ್ಯೆ ಬೇಕಿಲ್ಲ. ಬ್ರಿಟನ್ನಿನಲ್ಲಿ 2003ರಲ್ಲಿ ಬಂದ 'ಮಸ್ಟ್' ಎಂಬ ಪಟ್ಟಿ ಮೂರೇ ವಿಷಯ ನೋಡುತ್ತದೆ. ಎತ್ತರಕ್ಕೆ ತಕ್ಕ ತೂಕ ಇದೆಯೇ, ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ತೂಕ ಇಳಿದಿದೆಯೇ, ಕಾಯಿಲೆಯಿಂದ ಐದು ದಿನಕ್ಕೂ ಹೆಚ್ಚು ಕಾಲ ಊಟ ಬಿಟ್ಟುಹೋಗಿದೆಯೇ ಅಥವಾ ಬಿಟ್ಟುಹೋಗುವ ಸಂಭವವಿದೆಯೇ. ಎರಡು ಅಂಕ ಬಂದರೆ ಹೆಚ್ಚು ಅಪಾಯ. ನನ್ನ ಖಾಲಾ ಸುಮಾರು ಐದು ಅಡಿ ಎತ್ತರ. 49 ಕಿಲೋ ಎಂದರೆ ಮೇಲ್ನೋಟಕ್ಕೆ ಸರಿಯಾದ ತೂಕವೇ. ಆದರೆ 58ರಿಂದ 49ಕ್ಕೆ ಇಳಿದದ್ದು ಶೇ. 15ಕ್ಕೂ ಹೆಚ್ಚು. ಶೇ. 10 ದಾಟಿದರೇ ಎರಡು ಅಂಕ! ಐದು ನಿಮಿಷದ ಕೆಲಸ. ಆದರೆ ನಲವತ್ತು ರೋಗಿಗಳಿಗೆ ಇಬ್ಬರು ಸಿಸ್ಟರ್ ಇರುವ ವಾರ್ಡಿನಲ್ಲಿ ಆ ಐದು ನಿಮಿಷ ಎಲ್ಲಿಂದ ತರುವುದು? ನಾನು ಅವರನ್ನು ದೂರುವುದಿಲ್ಲ.

ಕಂಪ್ಯೂಟರ್ ಬರುವುದು ಇಲ್ಲಿಯೇ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯವರು 'ಮಸ್ಟ್ ಪ್ಲಸ್' ಎಂಬ ವ್ಯವಸ್ಥೆಯನ್ನು ತಯಾರಿಸಿ 2021ರಲ್ಲಿ ಅದರ ವರದಿ ಪ್ರಕಟಿಸಿದರು. ಹಳೆಯ ರೋಗಿಗಳ ತೂಕ, ರಕ್ತಪರೀಕ್ಷೆ, ಕಾಯಿಲೆಯ ವಿವರಗಳನ್ನು ಅದಕ್ಕೆ ಕೊಟ್ಟರು. ಅವರಲ್ಲಿ ಯಾರನ್ನು ಪಥ್ಯಾಹಾರ ತಜ್ಞರು ಅಪೌಷ್ಟಿಕರೆಂದು ಗುರುತಿಸಿದ್ದರೆಂಬುದನ್ನೂ ಕೊಟ್ಟರು. ಅದರಿಂದ ಕಲಿತ ಯಂತ್ರ ಈಗಿನ ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ಹೇಳುತ್ತದೆ. ಅದು ರೋಗ ನಿರ್ಣಯ ಮಾಡುವುದಿಲ್ಲ. ತಜ್ಞೆ ಹೋಗಿ ಮುಟ್ಟಿ ನೋಡಬೇಕು, ತೋಳು ಹಿಡಿಯಬೇಕು. ಯಾವ ಹಾಸಿಗೆಗೆ ಮೊದಲು ಹೋಗಬೇಕೆಂಬ ಗೊಂದಲ ಮಾತ್ರ ತಪ್ಪುತ್ತದೆ. ನನ್ನಂಥವಳಿಗೆ ಅದೇನು ಸಣ್ಣ ಉಪಕಾರವಲ್ಲ.

ಆದರೆ ಅದೇ ವ್ಯವಸ್ಥೆಯನ್ನು ಮತ್ತೆ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದು ಹೇಳುವ ಅಪಾಯದ ಪ್ರಮಾಣ ವಾಸ್ತವಕ್ಕೆ ಸರಿಹೊಂದುತ್ತಿಲ್ಲವೆಂದೂ, ಆ ವ್ಯತ್ಯಾಸ ಬಿಳಿಯರಿಗೂ ಕರಿಯರಿಗೂ, ಗಂಡಸರಿಗೂ ಹೆಂಗಸರಿಗೂ ಒಂದೇ ರೀತಿ ಇಲ್ಲವೆಂದೂ ತಿಳಿದುಬಂತು. ಲೆಕ್ಕವನ್ನು ಮರುಹೊಂದಿಸಿದಾಗ ಸುಧಾರಿಸಿತು. ತಮ್ಮದೇ ಊರಿನ ರೋಗಿಗಳಿಂದ ಕಲಿಸಿದ ಯಂತ್ರದ ಗತಿ ಇದಾದರೆ, ಅದನ್ನು ಹಾಗೆಯೇ ತಂದು ಬೆಂಗಳೂರಿನ ವಾರ್ಡಿನಲ್ಲಿ ಕೂರಿಸಬಹುದೇ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನನ್ನ ಖಾಲಾ ಇದ್ದ ವಾರ್ಡಿನಲ್ಲಿ ಇಂಥ ಯಂತ್ರ ಇದ್ದಿದ್ದರೆ ಏನು ಹೇಳುತ್ತಿತ್ತು? ಕೇಸ್ ಶೀಟಿನ 58 ಕಿಲೋವನ್ನು ಓದಿ, "ಈ ರೋಗಿಗೆ ತೂಕದ ತೊಂದರೆ ಇಲ್ಲ" ಎನ್ನುತ್ತಿತ್ತು. ಬಳೆ ಜಾರಿದ್ದು ಯಾವ ಕಾಲಂನಲ್ಲೂ ಇಲ್ಲ. ನಮ್ಮ ಹೆಂಗಸರು ಕಿಲೋಗಳಲ್ಲಿ ಮಾತಾಡುವುದಿಲ್ಲ. "ಚೂಡಿಯಾಂ ಢೀಲೆ ಹೋಗಯೆ" ಎನ್ನುತ್ತಾರೆ, ಕುಪ್ಪಸ ಸಡಿಲವಾಯಿತು ಎನ್ನುತ್ತಾರೆ. ಗಂಡಸರು ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬರುತ್ತಾರೆ. ಡಾಕ್ಟರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವಾಗ 'ಸುಸ್ತು' ಎಂಬ ಒಂದೇ ಪದ ಉಳಿಯುತ್ತದೆ. ಬರೆಯದಿದ್ದದ್ದನ್ನು ಯಂತ್ರ ಕಲಿಯುವುದಾದರೂ ಹೇಗೆ?

ಹಾಗೆಂದು ನಮ್ಮಲ್ಲಿ ಆಗದ ಕೆಲಸವೆಂದು ನಾನು ಹೇಳುತ್ತಿಲ್ಲ. ಪಕ್ಕದ ತಮಿಳುನಾಡನ್ನು ನೋಡಿ. ಕ್ಷಯರೋಗಿಗಳ ಸಾವನ್ನು ತಡೆಯಲು 2022ರಲ್ಲಿ ಅವರೊಂದು ಯೋಜನೆ ಆರಂಭಿಸಿದರು. ರೋಗ ಪತ್ತೆಯಾದೊಡನೆ ಆರೋಗ್ಯ ಕಾರ್ಯಕರ್ತರು ಎತ್ತರ, ತೂಕ, ಕಾಲಿನ ಊತ, ಉಸಿರಾಟದ ವೇಗ, ಆಮ್ಲಜನಕದ ಪ್ರಮಾಣ ನೋಡುತ್ತಾರೆ. ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂದೂ ನೋಡುತ್ತಾರೆ. ತೀರಾ ಕೃಶರಾದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸುತ್ತಾರೆ. 2025ರಲ್ಲಿ ಇದಕ್ಕೆ, ಸಾವಿನ ಸಂಭವ ಎಷ್ಟೆಂದು ಅಂದಾಜು ಮಾಡುವ ಗಣಿತದ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದರು. ಗಮನಿಸಿ: ಲೆಕ್ಕ ಬಂದದ್ದು ಆಮೇಲೆ. ಅದಕ್ಕೆ ಮೊದಲೇ ಮೂರು ವರ್ಷ ಮನುಷ್ಯರು ತೂಗಿ, ಅಳೆದು, ಬರೆದಿದ್ದರು.

ಪತ್ತೆಯಾದ ಮೇಲೆ ಮುಂದೇನು? ಇದಕ್ಕೆ ಉತ್ತರ ನಮ್ಮ ಮಂಗಳೂರಿನಿಂದಲೇ ಬಂದಿದೆ. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ 'ರೇಷನ್ಸ್' ಎಂಬ ಅಧ್ಯಯನ 2023ರಲ್ಲಿ ಲಾನ್ಸೆಟ್ ಪತ್ರಿಕೆಗಳಲ್ಲಿ ಪ್ರಕಟವಾಯಿತು. 2,800 ಕ್ಷಯರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರ ಸಾಮಗ್ರಿ ಕೊಟ್ಟರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಇತ್ತು. ರೋಗಿಯ ಮನೆಯವರಿಗೂ ಅಕ್ಕಿ ಬೇಳೆ ಕೊಟ್ಟಲ್ಲಿ ಅವರಿಗೆ ಕ್ಷಯ ತಗಲುವುದು ಶೇ. 39ರಷ್ಟು ಇಳಿಯಿತು. ಕ್ಷಯರೋಗಿಗಳ ಪೋಷಣೆಗೆ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ಬರಬೇಕಾಗಿದ್ದು ಬಾರದಿದ್ದರೆ ಬ್ಯಾಂಕ್ ಖಾತೆಯ ಕಾಗದಪತ್ರ ಸರಿಮಾಡಿಸಿ ಕೊಡಿ. ಅದೂ ಶಿಕ್ಷಣ ಸಂಘದ ಕೆಲಸವೇ.

ಇಲ್ಲಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ನಮ್ಮವರು ಎಷ್ಟೋ ಮಂದಿ ಹೋಗಿಬರುತ್ತೀರಿ. ಆ ಹೆಸರಿನ ರಫಿ ಅಹಮದ್ ಕಿದ್ವಾಯಿಯವರು 1952ರಿಂದ 1954ರವರೆಗೆ ದೇಶದ ಆಹಾರ ಮಂತ್ರಿಯಾಗಿದ್ದರೆಂಬುದು ಹುಡುಗರಿಗೆ ಗೊತ್ತಿರಲಾರದು. ಮಾತಿಗೆ ಬಂತು, ಹೇಳಿದೆ.

ರೋಗಿಯನ್ನು ನೋಡಲು ಹೋಗುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಆದರೆ ಒಯ್ಯುವುದು ಬ್ರೆಡ್ಡು, ಬಿಸ್ಕತ್ತು, ಎಳನೀರು. ಡಾಕ್ಟರನ್ನು ಕೇಳಿ, ಬೇಡವೆನ್ನದಿದ್ದರೆ ಬೇಯಿಸಿದ ಮೊಟ್ಟೆ, ಮೊಸರು, ಬೇಳೆ ಹಾಕಿದ ಖಿಚಡಿ ಒಯ್ಯಿರಿ. ಶೋರ್ಬಾ ಒಯ್ದರೆ ಮೇಲಿನ ತಿಳಿ ಮಾತ್ರ ಕುಡಿಸಿ ತುಂಡುಗಳನ್ನು ಮನೆಗೆ ತರಬೇಡಿ. ಮೂತ್ರಪಿಂಡದ ಕಾಯಿಲೆಯವರಿಗೆ ಮಾತ್ರ ಕೇಳದೆ ಏನೂ ಕೊಡಬೇಡಿ.

ಕಂಪ್ಯೂಟರ್ ಓದುತ್ತಿರುವ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಕನ್ನಡ, ಉರ್ದು, ದಖನಿಯಲ್ಲಿ ಬಳೆ, ಬೆಲ್ಟು, ಕುಪ್ಪಸದ ಪ್ರಶ್ನೆಗಳನ್ನು ಕೇಳಿ ಬರೆದಿಡುವ ಸಣ್ಣ ವ್ಯವಸ್ಥೆ ಮಾಡಿ. ರೋಗಿಯ ಒಪ್ಪಿಗೆಯಿಲ್ಲದೆ ಹೆಸರು, ವಿವರ ಹೊರಹೋಗಬಾರದು; ಈ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಮಾರ್ಗಸೂಚಿಯನ್ನು ಮೊದಲು ಓದಿಕೊಳ್ಳಿ.

ಇಂದು ನಾನು ಐವತ್ತು ಅಳತೆ ಟೇಪು ತಂದಿದ್ದೇನೆ. ನಿಲ್ಲಲಾಗದ ಹಿರಿಯರ ಮೇಲ್ದೋಳಿನ ನಡುಭಾಗದ ಸುತ್ತಳತೆ 23.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಡಾಕ್ಟರಿಗೆ ತಿಳಿಸಬೇಕು. ಊಟವಾದ ಮೇಲೆ ಆ ಬಾಗಿಲ ಪಕ್ಕದ ಮೇಜಿನ ಹತ್ತಿರ ಬನ್ನಿ, ಅಳೆಯುವುದು ಹೇಗೆಂದು ತೋರಿಸುತ್ತೇನೆ. ನನ್ನ ಖಾಲಾ ಕೂಡ ಬಂದಿದ್ದಾರೆ, ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದಾರೆ. ಮೊದಲು ಅವರ ತೋಳಿನಿಂದಲೇ ಆರಂಭಿಸೋಣ, ಅವರು ಒಪ್ಪಿದ್ದಾರೆ.