ಇಂಗ್ಲಿಷ್ ವಾಕ್ಯದಲ್ಲಿ ಸರ್ವನಾಮದ ಸ್ಥಾನ

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯೊಂದು ತನ್ನ ಹಿಂದಿನದನ್ನು ನೆನೆಯುವುದು ಸಹಜ. ಆದರೆ ಪ್ರವೇಶದ ದಿನಗಳಲ್ಲಿ ಪೋಷಕರು ನಮ್ಮನ್ನು ಕೇಳುವುದು ಮುಂದಿನ ಮಾತನ್ನು: “ಕನ್ನಡ ಮಾಧ್ಯಮದಲ್ಲಿ ಓದಿದರೆ ಮಗುವಿಗೆ ಇಂಗ್ಲಿಷ್ ಬರುತ್ತದೆಯೇ?” ಈ ಪ್ರಶ್ನೆಯಿಂದ ನಾವು ನುಣುಚಿಕೊಳ್ಳಲಾಗದು. ಶಾಲೆಯ ಉಳಿವು ಇದರ ಉತ್ತರವನ್ನು ಅವಲಂಬಿಸಿದೆ. ದೊಡ್ಡ ಮಾತುಗಳನ್ನಾಡದೆ, ವ್ಯಾಕರಣದ ಒಂದು ಚಿಕ್ಕ ಅಂಶವನ್ನು ಹಿಡಿದು ಉತ್ತರಿಸಲು ಇಂದು ಪ್ರಯತ್ನಿಸುತ್ತೇವೆ.

ಪೋತ್ತನೂರು ರೈಲಿನ ಊರು. 1862ರಿಂದ ಇಲ್ಲಿ ರೈಲು ಓಡುತ್ತಿದೆ. ರೈಲ್ವೆಯನ್ನು ನೆಚ್ಚಿ ಬಂದ ಆಂಗ್ಲೋ-ಇಂಡಿಯನ್ ಕುಟುಂಬಗಳ ಮನೆಮಾತು ಇಂಗ್ಲಿಷ್. ಬೀದಿಯ ಮಾತು ತಮಿಳು. ಪಾಲಕ್ಕಾಡಿನ ಗಾಡಿಯಲ್ಲಿ ಮಲಯಾಳ. ಕೊಯಮತ್ತೂರು, ತಿರುಪ್ಪೂರು ಸೀಮೆಯ ದೇವಾಂಗ ನೇಕಾರರ, ಒಕ್ಕಲಿಗ ರೈತರ ಮನೆಗಳಲ್ಲಿ ಕನ್ನಡ. ಆದ್ದರಿಂದ ನಮ್ಮ ಉದಾಹರಣೆಯೂ ರೈಲಿನದೇ ಆಗಲಿ.

ದೂರದಲ್ಲಿ ಗಾಡಿ ಕಂಡೊಡನೆ ಇಂಗ್ಲಿಷಿನಲ್ಲಿ “ಹಿಯರ್ ಕಮ್ಸ್ ದ ಟ್ರೇನ್” ಎನ್ನುತ್ತಾರೆ. ಮೊದಲು ಕ್ರಿಯಾವಿಶೇಷಣ, ಆಮೇಲೆ ಕ್ರಿಯಾಪದ, ಕೊನೆಗೆ ನಾಮಪದ. ನಾಮಪದದ ಬದಲು ಸರ್ವನಾಮ ಬಂದರೆ “ಹಿಯರ್ ಕಮ್ಸ್ ಇಟ್” ಎನ್ನುವಂತಿಲ್ಲ. “ಹಿಯರ್ ಇಟ್ ಕಮ್ಸ್” ಎಂದೇ ಹೇಳಬೇಕು. ಸರ್ವನಾಮವು ಕ್ರಿಯಾಪದದ ಹಿಂದಿನಿಂದ ಮುಂದಕ್ಕೆ ಬಂದು ಕುಳಿತಿತು.

ಇನ್ನೊಂದು ಮಾದರಿಯನ್ನು ನೋಡೋಣ. ದೀಪ ಆರಿಸಲು “ಸ್ವಿಚ್ ಆಫ್ ದ ಲೈಟ್” ಎನ್ನಬಹುದು, “ಸ್ವಿಚ್ ದ ಲೈಟ್ ಆಫ್” ಎಂದೂ ಎನ್ನಬಹುದು. ನಾಮಪದಕ್ಕೆ ಎರಡು ಸ್ಥಾನಗಳಿವೆ. ಸರ್ವನಾಮಕ್ಕೆ ಇರುವುದು ಒಂದೇ: “ಸ್ವಿಚ್ ಇಟ್ ಆಫ್”. ಅದು ಕ್ರಿಯಾಪದಕ್ಕೂ ಕ್ರಿಯಾವಿಶೇಷಣಕ್ಕೂ ನಡುವೆಯೇ ಇರಬೇಕು. ಆದರೆ “ಲುಕ್ ಅಟ್ ಇಟ್” ಎಂಬಲ್ಲಿ ‘ಅಟ್’ ಕ್ರಿಯಾವಿಶೇಷಣವಲ್ಲ, ತನ್ನ ಮುಂದಿನ ಪದವನ್ನು ಹಿಡಿದು ನಿಲ್ಲುವ ಉಪಸರ್ಗ. ಆದ್ದರಿಂದ ಅಲ್ಲಿ ಸರ್ವನಾಮ ನಡುವೆ ನುಗ್ಗದು. ಈ ಭೇದವನ್ನು ಹೇಳಿಕೊಡದಿದ್ದರೆ ಮಕ್ಕಳು ಎರಡನ್ನೂ ಬೆರೆಸುತ್ತಾರೆ.

ಇಂಥ ಮಾದರಿಗಳನ್ನು ಕ್ರಮವಾಗಿ ವಿಂಗಡಿಸಿದವರಲ್ಲಿ ಎ. ಎಸ್. ಹಾರ್ನ್‌ಬಿ ಪ್ರಮುಖರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದ ಅವರು 1954ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಇಂಗ್ಲಿಷ್ ಕ್ರಿಯಾಪದಗಳ ಬಳಕೆಯನ್ನು 25 ಮಾದರಿಗಳಾಗಿ ತೋರಿಸಿದರು. ಅಂದಿನ ಮದ್ರಾಸ್ ರಾಜ್ಯದಲ್ಲಿಯೂ 1950ರ ದಶಕದಲ್ಲಿ ವಾಕ್ಯಮಾದರಿಗಳ ಮೂಲಕ ಇಂಗ್ಲಿಷ್ ಕಲಿಸುವ ಪದ್ಧತಿ ಬಂದಿತು. ಅದಕ್ಕಾಗಿ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ನಡೆದ ವ್ಯಾಪಕ ತರಬೇತಿ ‘ಮದ್ರಾಸ್ ಸ್ನೋಬಾಲ್’ ಎಂದು ಹೆಸರಾಗಿದೆ. ಮಾದರಿಯನ್ನು ಬಾಯಲ್ಲಿ ಮತ್ತೆ ಮತ್ತೆ ಆಡಿಸುವುದು ಆ ಪದ್ಧತಿಯ ಬಲ. ಅದನ್ನು ನಾವು ಇಂದಿಗೂ ಬಿಟ್ಟಿಲ್ಲ. ಆದರೆ ಬರಿಯ ಆವರ್ತನೆಯಿಂದ ಕಲಿತ ಮಗು ಹೊಸ ಕ್ರಿಯಾಪದ ಎದುರಾದಾಗ ತಡವರಿಸುತ್ತದೆ. ‘ಹೀಗೇಕೆ’ ಎಂಬುದು ಅದಕ್ಕೆ ತಿಳಿದಿರುವುದಿಲ್ಲ.

ಹೀಗೇಕೆ ಎಂಬುದನ್ನು ಕನ್ನಡದಲ್ಲಿ ವಿವರಿಸಬಹುದು. ‘ಬಂದೆನು’ ಎಂದರೆ ನಾನು, ‘ಬಂದಳು’ ಎಂದರೆ ಅವಳು, ‘ಬಂದಿತು’ ಎಂದರೆ ಅದು. ಸರ್ವನಾಮವು ಹೇಳಬೇಕಾದುದನ್ನು ನಮ್ಮ ಕ್ರಿಯಾಪದ ತನ್ನ ಕೊನೆಯಲ್ಲಿಯೇ ಹೊತ್ತು ತರುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ಆಖ್ಯಾತ ಪ್ರತ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ತಮಿಳಿನ ‘ವಂದೇನ್’, ‘ವಂದಾಳ್’ ರೂಪಗಳೂ ಹೀಗೆಯೇ. ಮಲಯಾಳದಲ್ಲಾದರೋ ‘ಞಾನ್ ವನ್ನು’, ‘ಅವಳ್ ವನ್ನು’. ಅಲ್ಲಿ ಕ್ರಿಯಾಪದ ಬದಲಾಗದು. ಇಂಗ್ಲಿಷಿನ ‘ಕೇಮ್’ ಕೂಡ ಬಂದವರು ಯಾರೆಂದು ಹೇಳದು. ಹಳೆಯ ಇಂಗ್ಲಿಷಿನಲ್ಲಿದ್ದ ಪ್ರತ್ಯಯಗಳು ಬಹುಪಾಲು ಸವೆದುಹೋಗಿ, ವರ್ತಮಾನದಲ್ಲಿ ‘ಕಮ್ಸ್’ ಎಂಬಲ್ಲಿಯ ‘ಸ್’ನಂಥದು ಮಾತ್ರ ಉಳಿದಿದೆ.

ಆದ್ದರಿಂದ ಗೊತ್ತಿರುವ ವಸ್ತುವಿನ ವಿಷಯದಲ್ಲಿ ಎರಡು ಭಾಷೆಗಳ ನಡತೆ ಬೇರೆ. ರೈಲಿನ ಮಾತು ಮೊದಲೇ ಬಂದಿದ್ದರೆ ನಮ್ಮ ಮಗು “ಇಗೋ, ಬಂತು!” ಎನ್ನುತ್ತದೆ. ದೀಪದ ಮಾತು ಬಂದಿದ್ದರೆ “ಆರಿಸು” ಎಂದರೆ ಸಾಕು. ಕನ್ನಡದಲ್ಲಿ ಗೊತ್ತಿರುವುದು ಮೌನವಾಗಬಹುದು. ಇಂಗ್ಲಿಷ್ ಆ ಮೌನವನ್ನು ಸಾಮಾನ್ಯವಾಗಿ ಒಪ್ಪದು. ‘ಇಟ್’ ಎಂಬ ಪುಟ್ಟ ಪದವನ್ನಾದರೂ ಕೇಳುತ್ತದೆ. ಆದರೆ ಗೊತ್ತಿರುವುದಾದ್ದರಿಂದ ಅದಕ್ಕೆ ವಾಕ್ಯದ ಕೊನೆಯ ಸ್ಥಾನವನ್ನು ಕೊಡದು. ಇಂಗ್ಲಿಷಿನಲ್ಲಿ ಕೊನೆಯ ಸ್ಥಾನ ಹೆಚ್ಚಾಗಿ ಹೊಸ ಸುದ್ದಿಗೆ, ತೂಕದ ಪದಕ್ಕೆ ಸಲ್ಲುತ್ತದೆ. ‘ದ ಟ್ರೇನ್’ ಸುದ್ದಿಯಾದಾಗ ಕೊನೆಗೆ ನಿಲ್ಲುತ್ತದೆ. ‘ಇಟ್’ ಆದಾಗ ಮುಂದಕ್ಕೆ ಸರಿಯುತ್ತದೆ.

ನಮ್ಮ ತರಗತಿಗಳಲ್ಲಿ ಮಕ್ಕಳು “ಸ್ವಿಚ್ ಆಫ್” ಎಂದು ನಿಲ್ಲಿಸುವುದನ್ನೂ, “ಈಸ್ ರೇನಿಂಗ್” ಎಂದು ಬರೆಯುವುದನ್ನೂ ಕಾಣುತ್ತೇವೆ. ಇದು ದಡ್ಡತನವಲ್ಲ. ಮಗು ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಕೆಂಪು ಗೆರೆ ಎಳೆದು ಸುಮ್ಮನಾಗುವ ಬದಲು ನಾವು ಕನ್ನಡದಲ್ಲಿ ಎರಡು ಪ್ರಶ್ನೆ ಕೇಳುತ್ತೇವೆ: “ಇಲ್ಲಿ ನೀನು ಹೇಳದೆ ಬಿಟ್ಟದ್ದು ಏನು? ಅದು ಕೇಳುವವರಿಗೆ ಮೊದಲೇ ಗೊತ್ತೇ?” ಮಗು ಉತ್ತರ ಹೇಳುತ್ತದೆ, ಏಕೆಂದರೆ ಆ ಅರಿವು ಅದರಲ್ಲಿ ಆಗಲೇ ಇದೆ. ಬಳಿಕ ಪುಸ್ತಕ ಎತ್ತುವುದು, ಚೀಲ ಕೆಳಗಿಡುವುದು, ದೀಪ ಹಚ್ಚುವುದು, ಆರಿಸುವುದು ಎಂದು ಕೈಯಿಂದ ಮಾಡಿಸುತ್ತ “ಪಿಕ್ ಇಟ್ ಅಪ್”, “ಪುಟ್ ಇಟ್ ಡೌನ್” ಎಂದು ಆಡಿಸುತ್ತೇವೆ. ಕಾರಣ ತಿಳಿದ ಮೇಲೆ ಮಾಡುವ ಆವರ್ತನೆ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

ನಮ್ಮ ಉತ್ತರ ಇಷ್ಟು. ಕನ್ನಡವು ಇಂಗ್ಲಿಷಿಗೆ ಅಡ್ಡಗೋಡೆಯಲ್ಲ. ಹೋಲಿಸಿ ನೋಡಲು ಮಗುವಿನ ಕೈಯಲ್ಲಿರುವ ಮೊದಲ ಅಳತೆಗೋಲು ಅದು. ಆ ಅಳತೆಗೋಲನ್ನು ಕಸಿದುಕೊಂಡರೆ ಮಗು ಇಂಗ್ಲಿಷನ್ನು ಬಾಯಿಪಾಠ ಮಾಡೀತು, ತೂಗಿ ನೋಡಲಾರದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಆ ಸೌಕರ್ಯವನ್ನು ಕೇವಲ ಹಕ್ಕೆಂದು ಭಾವಿಸದೆ, ಕಲಿಕೆಯ ಸಾಧನವೆಂದು ಬಳಸುವ ಹೊಣೆ ನಮ್ಮದು.

ಇಷ್ಟರಿಂದಲೇ ಎಲ್ಲವೂ ಆಗುವುದೆಂದು ನಾವು ಹೇಳುವುದಿಲ್ಲ. ವ್ಯಾಕರಣ ತಿಳಿದರೂ ಕಿವಿಗೆ ಇಂಗ್ಲಿಷ್ ಬೀಳದಿದ್ದರೆ ನಾಲಗೆ ತಿರುಗದು. ನಮ್ಮ ಅನೇಕ ಮನೆಗಳಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ: ಊರಿಗೆ ಬಂದಾಗ ಶಾಲೆಗೊಂದು ಗಂಟೆ ಕೊಡಿ, ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡಿ. ಪೋಷಕರಲ್ಲಿ ಇನ್ನೊಂದು: ಇಂಗ್ಲಿಷ್ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸಬೇಡಿ. ಮಗು ಇಂಗ್ಲಿಷಿನಲ್ಲಿ ಓದಿದ್ದನ್ನು ಸಂಜೆ ಕನ್ನಡದಲ್ಲಿ ಹೇಳಲಿ, ನೀವು ಕೇಳಿ. ಶಿಕ್ಷಕ ಮಿತ್ರರಲ್ಲಿ ಮತ್ತೊಂದು: ಮಗುವಿನ ತಪ್ಪನ್ನು ತಿದ್ದುವ ಮೊದಲು ಅದರ ಹಿಂದಿರುವ ಕನ್ನಡ ವಾಕ್ಯವನ್ನು ಗುರುತಿಸಿ.

ಎರಡನೆಯ ಶತಮಾನದ ಮೊದಲ ಪಾಠ ಇದೇ ಆಗಲಿ ಎಂದು ಹಾರೈಸುತ್ತೇವೆ.