ವೀರನ ತಪ್ಪಿನ ಲೆಕ್ಕ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೇಜಿನ ಸುತ್ತ ಕುಳಿತು ಆಡುವ ಒಂದು ಆಟವನ್ನು ಕುರಿತು ಸಾಂಸ್ಕೃತಿಕ ವೇದಿಕೆಯಲ್ಲಿ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ತಾಳಮದ್ದಳೆಯನ್ನು ಬಲ್ಲವರಿಗೆ ಪಾತ್ರಧಾರಣೆಯ ಈ ಆಟದ ಸ್ವರೂಪ ಅಪರಿಚಿತವೇನಲ್ಲ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಲೋಕವನ್ನು ವರ್ಣಿಸುವುದಕ್ಕೆ, ಎದುರಾಳಿಗಳ ಪರವಾಗಿ ನುಡಿಯುವುದಕ್ಕೆ ಒಬ್ಬ ಸೂತ್ರಧಾರನಿರುತ್ತಾನೆ. ಫಲ ಅನಿಶ್ಚಿತವಾದಲ್ಲಿ ದಾಳ ನಿರ್ಣಯಿಸುತ್ತದೆ. ಮುಖ್ಯ ವ್ಯತ್ಯಾಸ ಒಂದೇ: ತಾಳಮದ್ದಳೆಯ ಕರ್ಣ ವಾದದಲ್ಲಿ ಎಷ್ಟೇ ಗೆದ್ದರೂ ಕೊನೆಗೆ ಬೀಳಲೇಬೇಕು, ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಆದುದರಿಂದ ವೀರನ ನಡತೆಗೆ ಪ್ರಸಂಗಕರ್ತನನ್ನು ಹೊಣೆಮಾಡುವಂತಿಲ್ಲ. ಹೊಣೆ ಆಡುವವನದೇ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾದಾಗ, ವೀರನ ಬೆಳವಣಿಗೆಯನ್ನು ಅಳೆಯುತ್ತಿದ್ದುದು ಕೊಂದ ಪ್ರಾಣಿಗಳಿಂದ ಮತ್ತು ಹೊತ್ತು ತಂದ ನಿಧಿಯಿಂದ. ಇದರ ಜೊತೆಗೆ ಪ್ರತಿ ಪಾತ್ರಕ್ಕೂ ಒಂದು ಮನೋಧರ್ಮದ ಹಣೆಪಟ್ಟಿ ಇರುತ್ತಿತ್ತು: ವ್ಯವಸ್ಥೆ, ತಾಟಸ್ಥ್ಯ, ಅವ್ಯವಸ್ಥೆ. ಆಮೇಲೆ ಒಳಿತು ಕೆಡುಕುಗಳೂ ಸೇರಿ, 1978ರ ಆಟಗಾರರ ಕೈಪಿಡಿಯಲ್ಲಿ ಹಣೆಪಟ್ಟಿಗಳು ಒಂಬತ್ತಾದವು. ಅದೇ ಕೈಪಿಡಿಯಲ್ಲಿ ‘ಪಾಲಡಿನ್’ ಎಂಬ ಧರ್ಮಯೋಧನಿಗೆ ಕಠಿಣವಾದ ಕಟ್ಟಳೆಯಿತ್ತು. ತಿಳಿದೂ ತಿಳಿದೂ ಒಂದೇ ಒಂದು ದುಷ್ಕೃತ್ಯ ಎಸಗಿದರೂ ಅವನ ದೈವದತ್ತ ಶಕ್ತಿಗಳು ಶಾಶ್ವತವಾಗಿ ಹೋಗುತ್ತಿದ್ದವು.

ಈ ಕಟ್ಟಳೆಯ ಆಶಯ ದೊಡ್ಡದು. ಆದರೆ ಅದು ನೀತಿಯನ್ನು ಕಾನೂನಿನ ಕಲಮಾಗಿಸುತ್ತದೆ. ಆಟಗಾರ ‘ಇದು ಸರಿಯೇ?’ ಎಂದು ಕೇಳುವುದನ್ನು ಬಿಟ್ಟು ‘ಇದಕ್ಕೆ ದಂಡವಿದೆಯೇ?’ ಎಂದು ಕೇಳತೊಡಗುತ್ತಾನೆ. ಮುಂದೆ ಬಂದ ಆಟಗಳು ಇದನ್ನು ತಿದ್ದಲು ಯತ್ನಿಸಿದವು. ಗ್ರೆಗ್ ಸ್ಟಾಫರ್ಡ್ ರಚಿಸಿದ ‘ಪೆಂಡ್ರಾಗನ್’ನಲ್ಲಿ (1985) ಕರುಣೆ–ಕ್ರೌರ್ಯ, ಸತ್ಯ–ವಂಚನೆ ಇಂಥ ಹದಿಮೂರು ಗುಣಜೋಡಿಗಳಿವೆ, ಪ್ರತಿ ಜೋಡಿಯ ಮೊತ್ತ ಇಪ್ಪತ್ತು. ಕ್ರೌರ್ಯ ಬೆಳೆದಷ್ಟೂ ಕರುಣೆ ಕುಗ್ಗುತ್ತದೆ. ಕ್ರಮೇಣ ಆ ಸ್ವಭಾವವೇ ಯೋಧನನ್ನು ಆಳತೊಡಗುತ್ತದೆ. ‘ವ್ಯಾಂಪೈರ್: ದಿ ಮಾಸ್ಕ್ವೆರೇಡ್’ನಲ್ಲಿ (1991) ಮನುಷ್ಯತ್ವಕ್ಕೇ ಒಂದು ಅಂಕವಿದೆ. ಅದು ಸೊನ್ನೆಯಾದರೆ ಪಾತ್ರ ಆಟಗಾರನ ಕೈಬಿಟ್ಟು ಸೂತ್ರಧಾರನ ವಶವಾಗುತ್ತದೆ. ಇವು ಸೂಕ್ಷ್ಮವಾದ ಕಲ್ಪನೆಗಳು, ನಿಜ. ಆದರೂ ಇಲ್ಲಿ ಲೆಕ್ಕವಿಡುತ್ತಿರುವುದು ಕಾಗದ, ಪೆಟ್ಟು ತಿಂದವನಲ್ಲ.

ನನ್ನ ವಾದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಗೈಗ್ಯಾಕ್ಸ್ ಅವರೇ ಬರೆದ ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಾಹಸಕಥನ ಬಹು ಪ್ರಸಿದ್ಧ. ಗಡಿಯ ಕೋಟೆಯೊಂದರಿಂದ ಹೊರಟ ವೀರರು ಹತ್ತಿರದ ಕಣಿವೆಯ ಗುಹೆಗಳಲ್ಲಿರುವ ರಕ್ಕಸ ಪಂಗಡಗಳ ಮೇಲೆ ಏರಿಹೋಗುತ್ತಾರೆ. ಆ ಗುಹೆಗಳಲ್ಲಿ ಯೋಧರಷ್ಟೇ ಅಲ್ಲ, ಹೆಂಗಸರೂ ಮಕ್ಕಳೂ ಇದ್ದಾರೆಂದು ಲೇಖಕರು ಸಂಖ್ಯೆಸಹಿತ ನಮೂದಿಸಿದ್ದಾರೆ. ಗಂಡಸರೆಲ್ಲ ಸತ್ತು ಬಿದ್ದ ಮೇಲೆ ಮೂಲೆಯಲ್ಲಿ ಮುದುಡಿ ಕುಳಿತ ಆ ಮಕ್ಕಳನ್ನು ವೀರರು ಏನು ಮಾಡಬೇಕು? ಹಣೆಪಟ್ಟಿಯ ಮಾತು ಕೇಳಿದರೆ ಅವು ಕೆಡುಕಿನ ಸಂತಾನ. ಕಣ್ಣಿಗೆ ಕಾಣುವುದಾದರೋ ಹೆದರಿದ ಮಕ್ಕಳು. ಈ ಪ್ರಶ್ನೆ ಅದೆಷ್ಟೋ ಮೇಜುಗಳಲ್ಲಿ ಗೆಳೆಯರ ನಡುವೆ ಜಗಳ ಹಚ್ಚಿದೆ.

ಇದೇ ಪುಸ್ತಕದಲ್ಲಿ ಉತ್ತರದ ಬೀಜವೂ ಇದೆ. ಬುದ್ಧಿಯುಳ್ಳ ಎದುರಾಳಿಗಳು ಅನುಭವದಿಂದ ಕಲಿಯಲಿ ಎಂದು ಲೇಖಕರು ಸೂತ್ರಧಾರನಿಗೆ ಸಲಹೆ ಕೊಡುತ್ತಾರೆ. ಈ ಸಲಹೆಯನ್ನು ಯುದ್ಧತಂತ್ರದಾಚೆಗೂ ಚಾಚಿ ನೋಡೋಣ. ಮಕ್ಕಳನ್ನು ಕೊಂದ ಸುದ್ದಿ ಪಕ್ಕದ ಗುಹೆಗೆ ಮುಟ್ಟಿದರೆ ಇನ್ನು ಅಲ್ಲಿ ಯಾರೂ ಶರಣಾಗುವುದಿಲ್ಲ. ಬಿಟ್ಟುಕಳಿಸಿದ ಸೆರೆಯಾಳು ಮಾತಿನಂತೆ ನಡೆದುಕೊಳ್ಳಲೂಬಹುದು, ಸೈನ್ಯ ಕಟ್ಟಿಕೊಂಡು ಬರಲೂಬಹುದು. ಕೋಟೆಯ ಜನ ವೀರರನ್ನು ಹಾಡಿ ಹೊಗಳುತ್ತಲೇ, ಅವರು ಬೀದಿಯಲ್ಲಿ ಬಂದಾಗ ತಮ್ಮ ಮಕ್ಕಳನ್ನು ಒಳಗೆ ಕರೆದುಕೊಳ್ಳಬಹುದು. ಇವು ಯಾವುವೂ ದಂಡವಲ್ಲ, ಪರಿಣಾಮ. ದಂಡವನ್ನು ಮೇಲಿನಿಂದ ವಿಧಿಸುತ್ತಾರೆ. ಪರಿಣಾಮ ನಾವು ಮಾಡಿದ ಕೆಲಸದಿಂದಲೇ ಹುಟ್ಟಿಬರುತ್ತದೆ.

ವ್ಯಾಸಭಾರತಕ್ಕೆ ಈ ಭೇದ ಚೆನ್ನಾಗಿ ತಿಳಿದಿತ್ತು. ಅಶ್ವತ್ಥಾಮನ ಸಾವಿನ ವಿಷಯದಲ್ಲಿ ಅರ್ಧಸತ್ಯ ನುಡಿದೊಡನೆ, ನೆಲದಿಂದ ನಾಲ್ಕು ಅಂಗುಲ ಮೇಲೆ ಚಲಿಸುತ್ತಿದ್ದ ಧರ್ಮರಾಯನ ರಥ ನೆಲ ಮುಟ್ಟಿತು. ಇದು ಪಾಲಡಿನ್‌ನ ಶಕ್ತಿಹರಣದಂಥದೇ ಗುರುತು. ಆದರೆ ಕಥೆ ಅಷ್ಟಕ್ಕೆ ನಿಲ್ಲಲಿಲ್ಲ. ತಂದೆಯನ್ನು ಸುಳ್ಳಿನಿಂದ ಕಳೆದುಕೊಂಡ ಅಶ್ವತ್ಥಾಮ ಯುದ್ಧ ಮುಗಿಯಿತೆಂದುಕೊಂಡ ರಾತ್ರಿ ಪಾಂಡವರ ಶಿಬಿರಕ್ಕೆ ನುಗ್ಗಿದ. ದ್ರೌಪದಿಯ ಐವರು ಮಕ್ಕಳೂ ಹತರಾದರು. ರಥ ಇಳಿದದ್ದನ್ನು ಮರೆತು ಬದುಕಬಹುದಿತ್ತು. ಆ ರಾತ್ರಿಯನ್ನು ಮರೆಯುವಂತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಪರಿಣಾಮದ ಹೆಸರಿನಲ್ಲಿ ಸೂತ್ರಧಾರ ಸರ್ವಾಧಿಕಾರಿಯಾಗುವುದಿಲ್ಲವೆ? ಆಗುವ ಅಪಾಯ ಖಂಡಿತ ಇದೆ. ತನ್ನ ಅಭಿರುಚಿಗೆ ಒಪ್ಪದ ಆಟಗಾರನ ಮೇಲೆ ಸೇಡು ತೀರಿಸಿಕೊಂಡು ಅದನ್ನೇ ನ್ಯಾಯವೆನ್ನುವ ಸೂತ್ರಧಾರರು ಉಂಟು. ಆದುದರಿಂದ ಮೂರು ನಿಯಮಗಳು ಅಗತ್ಯವೆಂದು ನನ್ನ ಅಭಿಪ್ರಾಯ. ಕಥೆಯಲ್ಲಿ ಯಾವ ಕ್ರೌರ್ಯಕ್ಕೆ ಎಡೆಯುಂಟು, ಯಾವುದಕ್ಕಿಲ್ಲ ಎಂಬುದನ್ನು ಆಟಕ್ಕೆ ಮೊದಲೇ ಎಲ್ಲರೂ ಕೂಡಿ ಒಪ್ಪಬೇಕು. ಪಾತ್ರಕ್ಕೆ ಸಹಜವಾಗಿ ತಿಳಿದಿರಬಹುದಾದ ಅಪಾಯವನ್ನು ಆಟಗಾರನಿಂದ ಮುಚ್ಚಿಡಬಾರದು. ಕೆಡುಕನ್ನು ನೆನಪಿಡುವ ಲೋಕ ಒಳಿತನ್ನೂ ಅಷ್ಟೇ ನಿಷ್ಠೆಯಿಂದ ನೆನಪಿಡಬೇಕು. ಈ ಕೊನೆಯ ಮಾತನ್ನು ಮರೆಯುವವರೇ ಹೆಚ್ಚು. ತೋರಿದ ದಯೆಗೆ ಪ್ರತಿ ಬಾರಿಯೂ ದ್ರೋಹವೇ ಮರುಪಾವತಿಯಾದರೆ, ನಾಲ್ಕನೆಯ ಸಲ ಯಾವ ಆಟಗಾರನೂ ಸೆರೆಯಾಳನ್ನು ಬಿಡುವುದಿಲ್ಲ. ಆಗ ಕ್ರೌರ್ಯವನ್ನು ಕಲಿಸಿದವನು ಸೂತ್ರಧಾರನೇ.

2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಪಾಲಡಿನ್‌ಗೆ ಹಣೆಪಟ್ಟಿಯ ಕಟ್ಟು ಉಳಿಯಲಿಲ್ಲ; ಅವನನ್ನು ಬಂಧಿಸುವುದು ಅವನೇ ಕೈಗೊಂಡ ಪ್ರತಿಜ್ಞೆ. ಇದನ್ನು ನಾನು ಸ್ವಾಗತಿಸುತ್ತೇನೆ. ವೀರರ ಬಗ್ಗೆ ನಮ್ಮ ಸಮಾಜದಲ್ಲಿರುವ ರೂಢಿ ನಿಮಗೆ ಗೊತ್ತೇ ಇದೆ: ಮೊದಲು ಒಬ್ಬನನ್ನು ಒಳ್ಳೆಯವನೆಂದು ಘೋಷಿಸುತ್ತೇವೆ, ಬಳಿಕ ಅವನು ಮಾಡಿದ್ದನ್ನೆಲ್ಲ ಒಳ್ಳೆಯದೆನ್ನುತ್ತೇವೆ. ವಾರಕ್ಕೊಂದು ಸಂಜೆ ಐದಾರು ಜನ ಕೂಡಿ, ವೀರನ ಎದುರು ನಿಂತವನ ಬಾಯಿಂದಲೂ ಕಥೆಯನ್ನು ಕೇಳಿಸಿಕೊಳ್ಳುವ ಅಭ್ಯಾಸ ಮಾಡಿದರೆ, ಆ ರೂಢಿ ಅಷ್ಟರಮಟ್ಟಿಗೆ ಸಡಿಲವಾದೀತು. ನಮ್ಮ ಸಂಘದ ತರುಣರು ಈ ಆಟವನ್ನು ಕನ್ನಡದಲ್ಲಿ ಆಡಿ ನೋಡಲಿ ಎಂದು ಕೋರಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.