ಒಳಗೆ ಮಿನುಗುವ ಸೂರ್ಯಶಿಲೆ



ರತ್ನ ಎಂದರೆ ಒಳಗೆ ಯಾವ ಕಲೆಯೂ ಇರಬಾರದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಜ್ರದ ಬೆಲೆ ಕಟ್ಟುವಾಗ ಇದನ್ನೂ ನೋಡುತ್ತಾರೆ. ಆದರೆ ಒಳಗೆ ಸೇರಿಕೊಂಡ ಕಣಗಳಿಂದಲೇ ಹೆಸರು ಪಡೆದ ಹರಳೊಂದಿದೆ. ಅದನ್ನು ಇಂಗ್ಲಿಷಿನಲ್ಲಿ ಸನ್‌ಸ್ಟೋನ್ ಎನ್ನುತ್ತಾರೆ; ನಾವು ಸೂರ್ಯಶಿಲೆ ಎನ್ನೋಣ. ಬಿಸಿಲಿಗೆ ಬೆಂಕಿ ಕಾರುತ್ತದೆಂದು ಹಳೆಯ ಕಾವ್ಯಗಳು ವರ್ಣಿಸುವ ಸೂರ್ಯಕಾಂತ ಮಣಿಗೂ ಇದಕ್ಕೂ ಸಂಬಂಧವಿಲ್ಲ.

ಸೂರ್ಯಶಿಲೆ ಫೆಲ್ಡ್‌ಸ್ಪಾರ್ ಎಂಬ ಖನಿಜಗಳ ಗುಂಪಿಗೆ ಸೇರಿದ್ದು. ಭೂಮಿಯ ಹೊರಚಿಪ್ಪಿನ ಅರ್ಧಕ್ಕಿಂತ ಹೆಚ್ಚು ಭಾಗ ಈ ಖನಿಜಗಳೇ. ರಾಮನಗರದ ಗ್ರಾನೈಟ್ ಬಂಡೆಗಳಲ್ಲಿ ನೀವು ಕಾಣುವ ನಸುಗೆಂಪು ಕಣಗಳೂ ಫೆಲ್ಡ್‌ಸ್ಪಾರೇ. ಹಾಗಾದರೆ ಇಷ್ಟು ಸಾಮಾನ್ಯವಾದ ಖನಿಜ ರತ್ನವಾಗುವುದು ಹೇಗೆ?

ಭಾರತ, ನಾರ್ವೆ, ಟಾಂಜಾನಿಯಾಗಳಲ್ಲಿ ದೊರೆಯುವ ಸೂರ್ಯಶಿಲೆಯಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತೆಳುವಾದ ಪದರಗಳು ಅಡಗಿರುತ್ತವೆ. ಇವು ಹರಳಿನ ರಚನೆಗೆ ಹೊಂದಿಕೊಂಡು ನಿರ್ದಿಷ್ಟ ದಿಕ್ಕುಗಳಲ್ಲಿ ಸಾಲುಗಟ್ಟಿರುತ್ತವೆ. ಹರಳನ್ನು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಅವೆಲ್ಲ ಪುಟ್ಟ ಕನ್ನಡಿಗಳಂತೆ ಒಟ್ಟಿಗೆ ಹೊಳೆಯುತ್ತವೆ. ಆಗ ಕಿತ್ತಳೆ, ಕಂದುಗೆಂಪು ಬಣ್ಣದ ಮಿಂಚು ಕಾಣುತ್ತದೆ.

ಅಮೆರಿಕದ ಆರೆಗಾನ್ ರಾಜ್ಯದ ಸೂರ್ಯಶಿಲೆಯ ಕಥೆ ಬೇರೆ. ಅಲ್ಲಿ ಲ್ಯಾಬ್ರಡೊರೈಟ್ ಎಂಬ ಫೆಲ್ಡ್‌ಸ್ಪಾರಿನೊಳಗೆ ಇರುವುದು ಶುದ್ಧ ತಾಮ್ರ! ಪ್ಲಶ್ ಎಂಬ ಊರಿನ ಬಳಿಯೂ ಹಾರ್ನಿ ಕೌಂಟಿಯ ಪಾಂಡರೋಸಾ ಗಣಿಯಲ್ಲಿಯೂ ಪುರಾತನ ಬಸಾಲ್ಟ್ ಲಾವಾದಲ್ಲಿ ಇದು ದೊರೆಯುತ್ತದೆ. ಬಿಸಿ ಪಾಕ ಆರಿದಾಗ ಸಕ್ಕರೆ ಹರಳುಗಟ್ಟುವುದನ್ನು ನೀವು ನೋಡಿರಬಹುದು. ಹಾಗೆಯೇ ಹರಳು ತಣ್ಣಗಾದಂತೆ ಅದರಲ್ಲಿ ಕರಗಿದ್ದ ತಾಮ್ರ ಬೇರ್ಪಟ್ಟು ನಿಲ್ಲುತ್ತದೆ. ತುಸು ದೊಡ್ಡ ತಾಮ್ರದ ಪದರಗಳು ಮಿನುಗು ಕೊಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕೆಂಪು ಬಣ್ಣ ಕೊಡುತ್ತವೆ. ತಾಮ್ರ ತೀರ ಕಡಿಮೆಯಿದ್ದರೆ ಹರಳು ತಿಳಿಹಳದಿಯಾಗಿಯೇ ಉಳಿಯುತ್ತದೆ. ಕೆಲವು ಹರಳುಗಳಂತೂ ಒಂದು ದಿಕ್ಕಿನಿಂದ ಹಸಿರಾಗಿ, ಇನ್ನೊಂದು ದಿಕ್ಕಿನಿಂದ ಕೆಂಪಾಗಿ ಕಾಣುತ್ತವೆ. 1987ರಲ್ಲಿ ಆರೆಗಾನ್ ಇದನ್ನು ತನ್ನ ರಾಜ್ಯರತ್ನವೆಂದು ಘೋಷಿಸಿತು. ಪ್ಲಶ್ ಬಳಿ ಸಾರ್ವಜನಿಕರು ಹರಳು ಹೆಕ್ಕಲೆಂದೇ ಮೀಸಲಿಟ್ಟ ಸರ್ಕಾರಿ ಭೂಮಿಯೂ ಇದೆ.

ಬೆಲೆ ಬಂದಲ್ಲಿ ಅನುಕರಣೆಯೂ ಬರುತ್ತದೆ. ಗೋಲ್ಡ್‌ಸ್ಟೋನ್ ಎಂಬುದು ವೆನಿಸ್ ನಗರದ ಗಾಜುಗಾರರಿಂದ ಪ್ರಸಿದ್ಧಿಗೆ ಬಂದ ಗಾಜು. ಭೂತಗನ್ನಡಿ ಹಿಡಿದು ನೋಡಿದರೆ ಅದರ ತುಂಬ ತ್ರಿಕೋನ, ಷಟ್ಕೋನ ಆಕಾರದ ತಾಮ್ರದ ಹರಳುಗಳು ಒತ್ತೊತ್ತಾಗಿ ಹರಡಿರುವುದು ಕಾಣುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ.

ಮುಂದೆ ನಡೆದದ್ದು ಇದಕ್ಕಿಂತ ಜಟಿಲ. 2000ದ ನಂತರದ ವರ್ಷಗಳಲ್ಲಿ ಕೆಂಪು ಆಂಡಿಸೀನ್ ಎಂಬ ಫೆಲ್ಡ್‌ಸ್ಪಾರ್ ಹೇರಳವಾಗಿ ಮಾರುಕಟ್ಟೆಗೆ ಬಂತು. ಮೊದಲು ಕಾಂಗೋ, ಆಮೇಲೆ ಟಿಬೆಟ್ ಇದರ ಮೂಲವೆಂದು ಹೇಳಲಾಯಿತು. ಆದರೆ ತಿಳಿಹಳದಿ ಫೆಲ್ಡ್‌ಸ್ಪಾರನ್ನು ತಾಮ್ರದೊಂದಿಗೆ ಕುಲುಮೆಯಲ್ಲಿ ಬಹುಕಾಲ ಕಾಯಿಸಿದರೆ ತಾಮ್ರ ಒಳಗಿಳಿದು ಇದೇ ಕೆಂಪು ಬರುತ್ತದೆಂದು ಪ್ರಯೋಗಾಲಯಗಳು ತೋರಿಸಿಕೊಟ್ಟವು. ಇಲ್ಲಿ ಕಲ್ಲು ಅಸಲಿ, ಬಣ್ಣ ಮಾತ್ರ ಮನುಷ್ಯನದು. ಅದನ್ನು ಮುಚ್ಚಿಟ್ಟು ಮಾರಿದಾಗ ಕೊಂಡವರಿಗೆ ನಷ್ಟವಾಯಿತು. ಗಣಿಯಿಂದ ನಿಜವಾದ ಕೆಂಪು ಹರಳು ತೆಗೆದವರ ಮಾತನ್ನೂ ಜನ ಅನುಮಾನಿಸುವಂತಾಯಿತು.

ಆದ್ದರಿಂದ ಮಿತ್ರರೇ, ಇಂಥ ಹರಳನ್ನು ಕೊಳ್ಳುವವರು ಎರಡು ಪ್ರಶ್ನೆ ಕೇಳಬೇಕು. ಇದು ಎಲ್ಲಿಯದು? ಇದಕ್ಕೆ ಏನಾದರೂ ಸಂಸ್ಕರಣೆ ಮಾಡಲಾಗಿದೆಯೇ? ಉತ್ತರ ಬರವಣಿಗೆಯಲ್ಲಿರಲಿ, ಬೆಲೆ ದೊಡ್ಡದಾದರೆ ಪ್ರಯೋಗಾಲಯದ ವರದಿಯೂ ಇರಲಿ. ನಿಮ್ಮ ಮಟ್ಟಿಗೆ ಹತ್ತು ಪಟ್ಟು ಹಿಗ್ಗಿಸುವ ಒಂದು ಮಸೂರ ಸಾಕು. ಮೊದಲು ಒಂದು ಗ್ರಾನೈಟ್ ಚೂರನ್ನು ಬಿಸಿಲಿಗೆ ಹಿಡಿದು, ತಿರುಗಿಸುತ್ತ ನೋಡಿ. ಫೆಲ್ಡ್‌ಸ್ಪಾರಿನ ನುಣುಪಾದ ಮುಖಗಳು ಹೊಳೆಯುವುದನ್ನು ನೀವೇ ಕಾಣುವಿರಿ.